ಕೂಟದ ಕ್ಯಾಸೆಟ್ ಮಂದ ಕೇಳುತ್ತದೆಯೇ? ಮೊದಲು ಸ್ಕ್ರೂಡ್ರೈವರ್, ಆಮೇಲೆ ಕಂಪ್ಯೂಟರ್

ಕಳೆದ ಆಟಿ ತಿಂಗಳಲ್ಲಿ ಪೆರ್ಲದ ಕಡೆಯ ಒಂದು ಮನೆಯಿಂದ ನನ್ನ ಮೇಜಿಗೆ ಹಳೆಯ ಬಿಸ್ಕತ್ತಿನ ಡಬ್ಬಿಯೊಂದು ಬಂತು. ಒಳಗೆ 23 ಕ್ಯಾಸೆಟ್. ಎಲ್ಲ ಆಟ, ಕೂಟದ್ದೇ, ಅಂದರೆ ಯಕ್ಷಗಾನ ಬಯಲಾಟ ಮತ್ತು ತಾಳಮದ್ದಳೆಯದ್ದು. ತಂದವರು ದೂರದ ಸಂಬಂಧದಲ್ಲಿ ನನಗೆ ಮಾವ. ಗಲ್ಫಿನಿಂದ ಬಂದ, ರೇಡಿಯೊ ಮತ್ತು ಕ್ಯಾಸೆಟ್ ರೆಕಾರ್ಡರ್ ಎರಡೂ ಇರುವ ಟೂ-ಇನ್-ಒನ್ ಒಂದನ್ನು ಹೆಗಲಿಗೆ ಹಾಕಿಕೊಂಡು, 1980ರ ದಶಕದಲ್ಲಿ ಕುಂಬಳೆಯಿಂದ ಮುಳ್ಳೇರಿಯದವರೆಗೆ ಆಟ ಇದ್ದಲ್ಲೆಲ್ಲ ಹೋಗಿ ರೆಕಾರ್ಡ್ ಮಾಡಿದವರು.

"ಒಂದರಲ್ಲೂ ಸ್ವರ ಬಿಡುವುದಿಲ್ಲ ಮಾರಾಯ. ಭಾಗವತರು ಕಂಬಳಿ ಹೊದ್ದು ಪದ ಹೇಳಿದ ಹಾಗೆ ಉಂಟು. ಕಂಪ್ಯೂಟರಿಗೆ ಹಾಕಿ ಸರಿ ಮಾಡಲಿಕ್ಕೆ ಆಗ್ತದಾ?"

"ನೋಡುವಾ ಮಾವ" ಅಂದೆ. ಕಂಪ್ಯೂಟರ್ ಆನ್ ಮಾಡುವ ಮೊದಲೇ 14 ಕ್ಯಾಸೆಟ್ ಸರಿಯಾದವು. ಅವುಗಳಿಗೆ ಏನೂ ಆಗಿರಲೇ ಇಲ್ಲ. ಆಗಿದ್ದದ್ದು ಅವನ್ನು ಹಾಕಿ ಕೇಳುತ್ತಿದ್ದ ಡೆಕ್ಕಿಗೆ.

ಅದಕ್ಕೇ ಈ ಬರಹ. ಕಾಸರಗೋಡಿನ ಹಳೇ ಮನೆಗಳಲ್ಲಿ ಇಂಥ ಡಬ್ಬಿಗಳು ಇನ್ನೂ ಇವೆ. ಅಜ್ಜ ತೀರಿಕೊಂಡ ಮೇಲೆ ಮೊಮ್ಮಕ್ಕಳು ಒಂದು ಅಗ್ಗದ ಯುಎಸ್‌ಬಿ ಕ್ಯಾಸೆಟ್ ಪ್ಲೇಯರ್ ತರಿಸುತ್ತಾರೆ. ಸ್ವರ ಮಂದ ಕೇಳುತ್ತದೆ. ಸಾಫ್ಟ್‌ವೇರಿನಲ್ಲಿ ಟ್ರೆಬಲ್ ಏರಿಸಿ, ನಾಯ್ಸ್ ತೆಗೆದು, ಎಂಪಿ3 ಮಾಡಿ, ಮೂಲ ಕ್ಯಾಸೆಟ್ಟನ್ನು ಗುಜರಿಗೆ ಹಾಕುತ್ತಾರೆ. ಆಮೇಲೆ ಯಾರಿಂದಲೂ ಏನೂ ಮಾಡಲಿಕ್ಕಾಗುವುದಿಲ್ಲ.

ದೋಷ ಇರುವುದು ಎಲ್ಲಿ?

ದೋಷ ಮೂರು ಜಾಗದಲ್ಲಿ ಇರಬಹುದು. ರೆಕಾರ್ಡ್ ಮಾಡಿದ ಆ ರಾತ್ರಿಯಲ್ಲಿ, ಅಟ್ಟದ ಮೇಲೆ ಕಳೆದ ವರ್ಷಗಳಲ್ಲಿ, ಇಲ್ಲವೇ ಇವತ್ತು ನೀವು ಕೇಳುತ್ತಿರುವ ಡೆಕ್ಕಿನಲ್ಲಿ. ಹುಡುಕುವುದು ಮಾತ್ರ ತಿರುಗಾಮುರುಗಾ, ಡೆಕ್ಕಿನಿಂದ ಹಿಂದಕ್ಕೆ. ಡೆಕ್ಕಿನ ದೋಷವನ್ನು ಪೂರ್ತಿ ಸರಿ ಮಾಡಬಹುದು. ಅಟ್ಟದ್ದು ಹೆಚ್ಚುಕಮ್ಮಿ ಸರಿಯಾಗುತ್ತದೆ. ಆ ರಾತ್ರಿಯದ್ದು ಬಹುಪಾಲು ಹಾಗೇ ಉಳಿಯುತ್ತದೆ.

ಅಮೆರಿಕದಲ್ಲಿ ರಾಕ್ ಸಂಗೀತದ ಅಭಿಮಾನಿಗಳೂ ಹೀಗೇ ಸಭೆಯಲ್ಲಿ ಕೂತು ರೆಕಾರ್ಡ್ ಮಾಡಿದವರು. ಗ್ರೇಟ್‌ಫುಲ್ ಡೆಡ್ ಎಂಬ ತಂಡ 1984ರಲ್ಲಿ ರೆಕಾರ್ಡ್ ಮಾಡುವವರಿಗೆಂದೇ ಬೇರೆ ಜಾಗ ಕೊಟ್ಟಿತು. ನಮ್ಮಲ್ಲಿ ಅದರ ಅಗತ್ಯ ಬೀಳಲಿಲ್ಲ. ಮಾವ ತನ್ನ ಟೂ-ಇನ್-ಒನ್ ಅನ್ನು ರಂಗಸ್ಥಳದ ಬದಿಯಲ್ಲಿ, ಚೆಂಡೆಯವರ ಕಾಲಿನ ಹತ್ತಿರ ಇಟ್ಟು ಬರುತ್ತಿದ್ದರಂತೆ. ಅದೇ ಒಂದು ದೋಷ. ಅದರ ವಿಷಯ ಆಮೇಲೆ ಬರುತ್ತದೆ.

ಕ್ಯಾಸೆಟ್ ಹಾಕುವ ಮೊದಲು

ಕ್ಯಾಸೆಟ್ಟಿನ ಬೆನ್ನಿನ ಎರಡು ಮೂಲೆಗಳಲ್ಲಿ ಪುಟ್ಟ ಪ್ಲಾಸ್ಟಿಕ್ ಹಲ್ಲು ಇರುತ್ತದೆ. ಅದನ್ನು ಮುರಿಯಿರಿ. ಇನ್ನು ತಪ್ಪಿ ರೆಕಾರ್ಡ್ ಬಟನ್ ಒತ್ತಿದರೂ ಅಳಿಸಿಹೋಗುವುದಿಲ್ಲ.

ಆಮೇಲೆ ಡೆಕ್ಕನ್ನು ಪರೀಕ್ಷೆ ಮಾಡಿ, ಮಾವನ ಕ್ಯಾಸೆಟ್ಟಿನಿಂದ ಅಲ್ಲ. ಹೋದರೆ ಹೋಯಿತು ಎನ್ನುವಂಥ, ಅಂಗಡಿಯಿಂದ ಕೊಂಡ ಯಾವುದಾದರೂ ಭಕ್ತಿಗೀತೆಯ ಕ್ಯಾಸೆಟ್ ಹಾಕಿ. ಅದೂ ಮಂದ ಕೇಳಿದರೆ, ಟೇಪನ್ನು ಓದುವ ಹೆಡ್ ಕೊಳಕಾಗಿದೆ ಅಂತ ಲೆಕ್ಕ. ಸ್ವರ ಅಲುಗಾಡಿದರೆ ಬೆಲ್ಟ್ ಸಡಿಲವಾಗಿದೆ ಅಥವಾ ಟೇಪನ್ನು ಎಳೆಯುವ ರಬ್ಬರ್ ಗಾಲಿ, ಅಂದರೆ ಪಿಂಚ್ ರೋಲರ್, ಗಟ್ಟಿಯಾಗಿದೆ. ಟೇಪನ್ನು ತಿಂದರೆ, ಸುತ್ತಿಕೊಳ್ಳುವ ಬದಿಯ ಚಕ್ರಕ್ಕೆ ಶಕ್ತಿ ಇಲ್ಲ. ಎಷ್ಟೋ ವರ್ಷ ಸುಮ್ನೆ ಕೂತ ಡೆಕ್ಕುಗಳಲ್ಲಿ ರಬ್ಬರ್ ಬೆಲ್ಟ್ ಕರಗಿ ಡಾಂಬರಿನ ಹಾಗೆ ಅಂಟುತ್ತದೆ. ಅದನ್ನು ಪೂರ್ತಿ ಒರೆಸಿ ತೆಗೆಯದೆ ಹೊಸ ಬೆಲ್ಟ್ ಹಾಕಿದರೆ ಏನೂ ಪ್ರಯೋಜನವಿಲ್ಲ.

ಹೆಡ್, ಪಿಂಚ್ ರೋಲರಿನ ಎದುರು ತಿರುಗುವ ಲೋಹದ ದಂಡವಾದ ಕ್ಯಾಪ್‌ಸ್ಟನ್ ಎರಡನ್ನೂ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿಕಡ್ಡಿಯಿಂದ ಒರೆಸಿ. 99 ಶೇಕಡದ್ದು ಸಿಕ್ಕಿದರೆ ಒಳ್ಳೆಯದು. ಮೊದಲ ಕಡ್ಡಿ ಕಾಫಿಪುಡಿ ಮೆತ್ತಿದ ಹಾಗೆ ಕಂದು ಬಣ್ಣಕ್ಕೆ ಬರುತ್ತದೆ. ಕಡ್ಡಿ ಬಿಳಿಯಾಗಿಯೇ ಬರುವವರೆಗೆ ಒರೆಸಬೇಕು. ಈ ಕೆಲಸ ಒಂದು ಸಲಕ್ಕಲ್ಲ, ಪ್ರತಿ ಕ್ಯಾಸೆಟ್ಟಿನ ನಂತರವೂ ಮಾಡಬೇಕು.

ಸ್ವರ ಮಂದ

ಹತ್ತರಲ್ಲಿ ಎಂಟು ಜನ ಇದೇ ದೂರು ತರುತ್ತಾರೆ. ಇದಕ್ಕೆ ಕಾರಣ ಹೆಚ್ಚಾಗಿ ಅಜಿಮತ್, ಅಂದರೆ ಟೇಪಿನ ಎದುರು ಹೆಡ್ಡು ನಿಲ್ಲುವ ಓರೆ.

ಕ್ಯಾಸೆಟ್ಟಿನ ಟೇಪು 3.81 ಮಿಲಿಮೀಟರ್ ಅಗಲ. ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತದೆ. ಹೆಡ್ಡಿನಲ್ಲಿ ಕೂದಲೆಳೆಗಿಂತಲೂ ಸಣ್ಣ ಒಂದು ಸೀಳು ಇರುತ್ತದೆ. ಅದು ಟೇಪಿಗೆ ಸರಿಯಾಗಿ ಲಂಬವಾಗಿ ನಿಲ್ಲಬೇಕು. ಮಾವನ ಟೂ-ಇನ್-ಒನ್‌ನಲ್ಲಿ ಆ ಹೆಡ್ ತುಸು ಓರೆಯಾಗಿತ್ತು ಅಂತ ಇಟ್ಟುಕೊಳ್ಳಿ. ಅದು ಅದೇ ಓರೆಯಲ್ಲಿ ಬರೆಯಿತು. ಅದೇ ಮೆಷಿನಿನಲ್ಲಿ ಕೇಳಿದಾಗ ಓರೆಗೆ ಓರೆ ಸರಿಹೋಗಿ ಚೆನ್ನಾಗಿಯೇ ಕೇಳುತ್ತಿತ್ತು. ಆ ಮೆಷಿನ್ ಈಗ ಇಲ್ಲ. ನಿಮ್ಮ ಡೆಕ್ಕಿನ ಹೆಡ್ ನೆಟ್ಟಗಿದೆ. ಓರೆಯಾಗಿ ಬರೆದದ್ದನ್ನು ನೆಟ್ಟಗೆ ಓದಲು ಹೋದರೆ ಮೊದಲು ಹೋಗುವುದು ಮೇಲಿನ ಸ್ವರ. ಜಾಗಟೆಯ ಟಿಣ್, ಚಕ್ರತಾಳದ ಝಣ, ಅರ್ಥದಲ್ಲಿ, ಅಂದರೆ ಭಾಗವತರ ಹಾಡಿನ (ಪದದ) ನಡುವೆ ಕಲಾವಿದರು ಆಡುವ ಮಾತಿನಲ್ಲಿ, ಬರುವ ಸ, ಶ, ಚ. ಮದ್ದಳೆಯ ತಗ್ಗು ಸ್ವರಕ್ಕೆ ಏನೂ ಆಗುವುದಿಲ್ಲ. ಹಾಗಾಗಿ ಕಂಬಳಿ ಹೊದ್ದ ಹಾಗೆ ಕೇಳುತ್ತದೆ.

ಸರಿ ಮಾಡುವುದು ಹೀಗೆ. ಪ್ಲೇ ಒತ್ತಿದಾಗ ಹೆಡ್ಡಿನ ಬದಿಯಲ್ಲಿ ಒಂದು ಪುಟ್ಟ ಸ್ಕ್ರೂ ಕಾಣುತ್ತದೆ. ಸಾಮಾನ್ಯವಾಗಿ ಕೆಳಗೆ ಸ್ಪ್ರಿಂಗ್ ಇರುವ ಸ್ಕ್ರೂವೇ ಅದು. ಅದರ ಈಗಿನ ಜಾಗಕ್ಕೆ ನೈಲ್ ಪಾಲಿಶ್‌ನಿಂದ ಒಂದು ಗುರುತು ಹಾಕಿ. ಹಿತ್ತಾಳೆಯದ್ದೋ ಪ್ಲಾಸ್ಟಿಕ್‌ನದ್ದೋ ಸ್ಕ್ರೂಡ್ರೈವರ್ ತೆಗೆದುಕೊಳ್ಳಿ. ಅಯಸ್ಕಾಂತ ಹಿಡಿದ ಉಕ್ಕಿನದ್ದು ಹೆಡ್ಡಿನ ಹತ್ತಿರ ಬೇಡವೇ ಬೇಡ. ಎಡ, ಬಲ ಎರಡೂ ಚಾನೆಲ್ ಸೇರಿಸಿ ಮೊನೊ ಮಾಡಿ ಹೆಡ್‌ಫೋನಿನಲ್ಲಿ ಕೇಳಿ. ಜಾಗಟೆ ಬಾರಿಸುವ ಜಾಗ ಹುಡುಕಿ. ಮಾತು ಕೇಳಿಕೊಂಡು ತಿರುಗಿಸಿದರೆ ಮೋಸ ಹೋಗುತ್ತೀರಿ, ಯಾಕೆಂದರೆ ಕಿವಿ ಮಾತಿಗೆ ಬೇಗ ಹೊಂದಿಕೊಂಡುಬಿಡುತ್ತದೆ. ಜಾಗಟೆಯಲ್ಲಿ ಆ ಮೋಸ ಇಲ್ಲ.

ಈಗ ಸ್ಕ್ರೂವನ್ನು ಸ್ವಲ್ಪವೇ ತಿರುಗಿಸಿ. ಕಾಲು ಸುತ್ತು ಅಂದರೆ ಇಲ್ಲಿ ಜಾಸ್ತಿಯೇ ಆಯಿತು. ಒಂದು ಕಡೆ ತಿರುಗಿಸುವಾಗ ಇನ್ನೂ ಮಂದವಾಗುತ್ತದೆ. ಇನ್ನೊಂದು ಕಡೆ ಹೋದಾಗ ಒಂದು ಜಾಗದಲ್ಲಿ ಕಂಬಳಿ ಸರಕ್ಕನೆ ಜಾರುತ್ತದೆ. ಟಿಣ್ ಅಂತ ಜಾಗಟೆ ಎದುರಿಗೇ ಬಂದು ನಿಲ್ಲುತ್ತದೆ. ಇನ್ನೂ ತಿರುಗಿಸಿದರೆ ಮತ್ತೆ ಮಂದ. ಆ ನಡುವಿನ ಜಾಗವೇ ಸರಿಯಾದದ್ದು.

ಮಾವನ ಎದುರಿಗೇ ಇದನ್ನು ಮಾಡಿದೆ. ಲೇಬಲ್ಲಿನ ಮೇಲೆ ನೀಲಿ ಪೆನ್ನಿನಲ್ಲಿ "ಶೇಣಿ, ವಾಲಿ" ಅಂತ ಎರಡೇ ಶಬ್ದ. ಅರ್ಥಧಾರಿ, ಅಂದರೆ ಅರ್ಥ ಹೇಳುವ ಕಲಾವಿದ, ಶೇಣಿ ಗೋಪಾಲಕೃಷ್ಣ ಭಟ್ಟರು 1918ರಲ್ಲಿ ಹುಟ್ಟಿ 2006ರಲ್ಲಿ ತೀರಿಕೊಂಡವರು. ಅವರ ಅರ್ಥವನ್ನು ಎದುರು ಕೂತು ಕೇಳಿದವರ ಸಂಖ್ಯೆ ವರ್ಷವರ್ಷವೂ ಕಡಿಮೆಯಾಗುತ್ತಿದೆ. ಸ್ಕ್ರೂ ಹೆಸರುಕಾಳಿನಷ್ಟು ದೂರ ಸರಿದಿರಬಹುದು, ಅಷ್ಟೆ. ಮಾವ ಮಾತಾಡಲಿಲ್ಲ. ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಕೂತರು.

ನೆನಪಿಡಿ, ಇದು ಆ ಒಂದು ಕ್ಯಾಸೆಟ್ಟಿಗೆ ಮಾತ್ರ. ಮಗ್ಗುಲು ಬದಲಾದರೂ ಮತ್ತೆ ಹೊಂದಿಸಬೇಕಾಗುತ್ತದೆ. ಎಲ್ಲ ಮುಗಿದ ಮೇಲೆ ಸ್ಕ್ರೂವನ್ನು ನೈಲ್ ಪಾಲಿಶ್ ಗುರುತಿಗೆ ವಾಪಸ್ ತನ್ನಿ.

ಅಜಿಮತ್ ಹೊಂದಿಸಿದರೂ ಮಂದವೇ ಇದ್ದರೆ ಕ್ಯಾಸೆಟ್ಟಿನ ಬಾಯಿ ನೋಡಿ. ಅಲ್ಲಿ ತಾಮ್ರದ ಬಣ್ಣದ ಪಟ್ಟಿಯ ಮೇಲೆ ಒಂದು ಉಣ್ಣೆಯ ತುಂಡು ಅಂಟಿಸಿರುತ್ತಾರೆ. ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವುದು ಅದೇ. ಅಂಟು ಒಣಗಿ ಅದು ಬಿದ್ದುಹೋಗಿರುತ್ತದೆ. ಆಗ ಸ್ವರ ಬಂದು ಬಂದು ಹೋಗುತ್ತದೆ. ಬೇರೆ ಒಳ್ಳೆಯ ಕ್ಯಾಸೆಟ್ಟಿನ ಚಿಪ್ಪಿಗೆ ರೀಲು ಬದಲಾಯಿಸುವುದೇ ಉತ್ತಮ. ಐದು ಸ್ಕ್ರೂ ಇರುವ ಕ್ಯಾಸೆಟ್ ಆದರೆ ಸುಲಭ. ಅಂಟಿಸಿ ಮುಚ್ಚಿದ್ದಾದರೆ ಅಂಚಿಗೆ ಬ್ಲೇಡ್ ಹಾಕಿ ನಿಧಾನವಾಗಿ ಬಿಡಿಸಬೇಕು. ಮಾವನ ಡಬ್ಬಿಯಲ್ಲಿ ಇಂಥವು ನಾಲ್ಕು ಇದ್ದವು.

ಮಂದ ಕೇಳುವುದು ಮಾತ್ರವಲ್ಲ, ಮಾತೂ ಹಿಂದುಮುಂದಾಗಿ ಬರುತ್ತಿದ್ದರೆ ಹೆದರಬೇಡಿ. ಯಾವತ್ತೋ ರೀಲು ಹೊರಗೆ ಬಂದಾಗ ಯಾರೋ ಪೆನ್ಸಿಲ್ ಹಾಕಿ ಸುತ್ತಿದ್ದಾರೆ, ನಡುವೆ ಒಂದು ಮಗುಚು ಬಿದ್ದಿದೆ. ಟೇಪಿನ ಬೆನ್ನು ಹೆಡ್ಡಿಗೆ ತಾಗುತ್ತಿದೆ, ಕೇಳುತ್ತಿರುವುದು ಇನ್ನೊಂದು ಮಗ್ಗುಲಿನದ್ದು. ಮಗುಚು ಬಿಡಿಸಿದರೆ ಸಾಕು. ಸ್ವರ ಸ್ಪಷ್ಟವಾಗಿದ್ದು ಹಿಂದಿನಿಂದ ಸಣ್ಣಗೆ ಹಿಂದುಮುಂದು ಮಾತು ಕೇಳಿದರೆ ಮಾತ್ರ ಅದು ಹೆಡ್ಡಿನ ಎತ್ತರದ ದೋಷ. ಅದನ್ನು ಅನುಭವ ಇದ್ದವರಿಗೆ ಬಿಡಿ.

ಭಾಗವತರ ಸ್ವರ ಕೀರಲು

ಇದು ಆ ರಾತ್ರಿಯ ದೋಷ. ಆದರೆ ಸರಿ ಮಾಡಬಹುದಾದ ದೋಷ.

ಬಯಲಾಟದ ಗದ್ದೆಯಲ್ಲಿ ರೆಕಾರ್ಡ್ ಮಾಡುವವರಿಗೆ ಪ್ಲಗ್ ಯಾರು ಕೊಡುತ್ತಾರೆ? ಬ್ಯಾಟರಿಯೇ ಗತಿ. ರಾತ್ರಿ ಒಂಬತ್ತಕ್ಕೆ ಹೊಸ ಸೆಲ್ಲು, ಬೆಳಗಿನ ಜಾವಕ್ಕೆ ಸತ್ತ ಸೆಲ್ಲು. ಮೋಟರ್ ನಿಧಾನವಾಗುತ್ತಾ ಹೋಗುತ್ತದೆ. ನಿಧಾನವಾಗಿ ಬರೆದದ್ದನ್ನು ಈಗ ಸರಿಯಾದ ವೇಗದಲ್ಲಿ ಓಡಿಸಿದರೆ ಎಲ್ಲರೂ ಬೇಗಬೇಗ, ಕೀಚಲು ಸ್ವರದಲ್ಲಿ ಮಾತಾಡುತ್ತಾರೆ. ಮಗ್ಗುಲಿನ ಶುರುವಿನಲ್ಲಿ ಸರಿ ಇದ್ದು ಕೊನೆಗೆ ಹೋದಂತೆ ಶ್ರುತಿ ಏರಿದರೆ ಬ್ಯಾಟರಿಯದ್ದೇ ಕೆಲಸ. ಪೂರ್ತಿ ಒಂದೇ ಸಮ ಏರಿದ್ದರೆ ಆ ಮೆಷಿನೇ ನಿಧಾನ ಇದ್ದಿರಬೇಕು, ಇಲ್ಲವೇ ನಿಮ್ಮ ಡೆಕ್ಕು ವೇಗ ಇರಬೇಕು. 3150 ಹರ್ಟ್ಸ್‌ನ ಒಂದೇ ಸ್ವರ ತುಂಬಿದ ಪರೀಕ್ಷಾ ಕ್ಯಾಸೆಟ್ ಹಾಕಿ ಡೆಕ್ಕಿನ ಮೇಲಿನ ಸಂಶಯ ಮೊದಲು ಕಳೆದುಕೊಳ್ಳಿ.

ಆ ರಾತ್ರಿಯ ವೇಗ ಎಷ್ಟಿತ್ತು ಅಂತ ಗೊತ್ತುಮಾಡುವುದು ಹೇಗೆ? ಮೈಕ್‌ಸೆಟ್ಟಿನವನ ಆಂಪ್ಲಿಫೈಯರ್ ಇದೆಯಲ್ಲ, ಅದರ ಗುಂಯ್ ಶಬ್ದ ಕೊಂಬಿನ ಸ್ಪೀಕರಿನಿಂದ ಬಂದು ಟೇಪಿನಲ್ಲೂ ಕೂತಿರುತ್ತದೆ. ನಾವು ಬೈದುಕೊಳ್ಳುವ ಆ ಗುಂಯ್ ಇಲ್ಲಿ ಉಪಕಾರಕ್ಕೆ ಬರುತ್ತದೆ. ಕರೆಂಟು 50 ಹರ್ಟ್ಸ್. ಆ ಗುಂಯ್ 50ರಲ್ಲಿ, 100ರಲ್ಲಿ ಕಾಣಬೇಕು. ಆಡಾಸಿಟಿ ಎಂಬ ಸಾಫ್ಟ್‌ವೇರಿನಲ್ಲಿ ಪದ, ಮಾತು ಇಲ್ಲದ ತುಂಡೊಂದನ್ನು ಆರಿಸಿ ಯಾವ ಹರ್ಟ್ಸ್‌ನಲ್ಲಿ ಎಷ್ಟು ಸದ್ದಿದೆ ಎಂದು ತೋರಿಸುವ ಪ್ಲಾಟ್ ಸ್ಪೆಕ್ಟ್ರಮ್ ತೆರೆಯಿರಿ, ಸೈಜ್ 65536 ಇಡಿ. 100ರ ಬದಲು 106ರಲ್ಲಿ ಗೂಟದ ಹಾಗೆ ಗೆರೆ ನಿಂತಿದ್ದರೆ ಟೇಪು ಶೇಕಡ 6ರಷ್ಟು ವೇಗ ಓಡುತ್ತಿದೆ. ಹಾರ್ಮೋನಿಯಂನಲ್ಲಿ ಅದು ಹೆಚ್ಚುಕಮ್ಮಿ ಒಂದು ಮನೆ. 100ನ್ನು 106ರಿಂದ ಭಾಗಿಸಿದರೆ 0.943, ಅಂದರೆ ಚೇಂಜ್ ಸ್ಪೀಡ್ ಅಂಡ್ ಪಿಚ್‌ನಲ್ಲಿ ಮೈನಸ್ 5.66. ಚೇಂಜ್ ಟೆಂಪೊ ಅಲ್ಲ, ಅದರಲ್ಲಿ ಶ್ರುತಿ ಬದಲಾಗುವುದಿಲ್ಲ. ವೇಗ ಮೆಲ್ಲಮೆಲ್ಲನೆ ಏರಿದ್ದರೆ ಟೈಮ್ ಟ್ರ್ಯಾಕ್ ಹಾಕಿ, ಹತ್ತು ಹತ್ತು ನಿಮಿಷಕ್ಕೊಮ್ಮೆ ಗುಂಯ್ ಅಳೆದು, ಚುಕ್ಕೆ ಇಟ್ಟು ಬಗ್ಗಿಸಬೇಕು.

ಆದರೆ ಗುಂಯ್ ಒಂದನ್ನೇ ನಂಬಿ ಕೂರಬೇಡಿ. ಆಗಿನ ಕಾಲದಲ್ಲಿ ನಮ್ಮ ಕಡೆಯ ಕರೆಂಟು ಸರಿಯಾಗಿ 50ರಲ್ಲಿ ನಿಲ್ಲುತ್ತಿರಲಿಲ್ಲ. ಲೋಡ್ ಜಾಸ್ತಿಯಾದಾಗ 48ರ ಆಸುಪಾಸಿಗೂ ಇಳಿಯುತ್ತಿತ್ತು. ಜನರೇಟರ್ ಇಟ್ಟಿದ್ದರಂತೂ ಕೇಳುವುದೇ ಬೇಡ. ಹಾಗಾಗಿ ಗುಂಯ್ ಲೆಕ್ಕ ಹಾಕಿದ ಮೇಲೆ, ಆ ಭಾಗವತರ ಶ್ರುತಿ ಗೊತ್ತಿರುವ ಯಾರಾದರೂ ಹಿರಿಯರ ಕಿವಿಗೆ ಒಮ್ಮೆ ಹಾಕಿ. ನಾನು ಒಂದು ಪದವನ್ನು ಲೆಕ್ಕದ ಪ್ರಕಾರ ಸರಿ ಮಾಡಿ ಹೆಮ್ಮೆಯಿಂದ ಕೇಳಿಸಿದ್ದೆ. ಮಾವ ತಲೆಯಾಡಿಸಿದರು. "ಇನ್ನೊಂದು ರವೆಯಷ್ಟು ಇಳಿಸು. ಅವರು ಕಪ್ಪು ಎರಡರ ಮೇಲೆ ಹೋದದ್ದು ನಾನು ಕೇಳಲಿಲ್ಲ." ಕಪ್ಪು ಎರಡು ಅಂದರೆ ಹಾರ್ಮೋನಿಯಂನ ಎರಡನೇ ಕಪ್ಪು ಮನೆಯ ಶ್ರುತಿ. ಇಳಿಸಿದೆ. ಅರ್ಥಧಾರಿಯ ಮಾತಿನ ಓಟವೂ ಆಗಲೇ ಸಹಜವಾಯಿತು.

ಗುಂಯ್ ಇವತ್ತಿನದ್ದೋ ಅವತ್ತಿನದ್ದೋ ಅಂತ ತಿಳಿಯಲು ಓಡುತ್ತಿರುವ ಟೇಪನ್ನು ನಿಲ್ಲಿಸಿ ನೋಡಿ. ಆಗಲೂ ಕೇಳಿದರೆ ಇವತ್ತಿನದ್ದು. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತರೆ ಅರ್ಧಕ್ಕರ್ಧ ಕೇಸು ಅಲ್ಲೇ ಮುಗಿಯುತ್ತದೆ.

ಬೂಷ್ಟು ಮತ್ತು ಕಿರ್ ಸದ್ದು

ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಊರಿನಲ್ಲಿ ಟೇಪಿಗೆ ಬೂಷ್ಟು ಹಿಡಿಯುವುದು ದೊಡ್ಡ ಸಂಗತಿಯೇನಲ್ಲ. ಕ್ಯಾಸೆಟ್ಟಿನ ಕಿಟಕಿಯಲ್ಲಿ ರೀಲಿನ ಅಂಚು ನೋಡಿ. ಕಪ್ಪು ಹೊಳಪಿನ ಬದಲು ಬಿಳಿ ಪುಡಿ ಅಥವಾ ಜೇಡರ ಬಲೆಯಂಥದ್ದು ಕಂಡರೆ ಅದನ್ನು ಒಳ್ಳೆಯ ಡೆಕ್ಕಿಗೆ ಹಾಕಬೇಡಿ. ಒಂದರಿಂದ ಇನ್ನೊಂದಕ್ಕೆ ಹರಡುತ್ತದೆ.

ಒಂದು ವಿಚಿತ್ರ ಹೇಳಬೇಕು. ಮಾವನ ಮನೆಯಲ್ಲಿ ಜೋಪಾನವಾಗಿ ಕಬ್ಬಿಣದ ಕಪಾಟಿನಲ್ಲಿ ಇಟ್ಟ ಮೂರಕ್ಕೆ ಬೂಷ್ಟು ಹಿಡಿದಿತ್ತು. ಅಡುಗೆಮನೆಯ ಅಟ್ಟದಲ್ಲಿ ಮರೆತುಹೋದವು ಹೊಗೆ ಕುಡಿದು ಕಪ್ಪಾಗಿದ್ದವು, ಒಳಗೆ ಮಾತ್ರ ರೀಲು ಒಣಗಿ ಚೆನ್ನಾಗಿತ್ತು. ಹಾಗಂತ ಅಟ್ಟಕ್ಕೆ ಹಾಕಿ ಅಂತ ಹೇಳುತ್ತಿಲ್ಲ, ಸೆಕೆಗೆ ಚಿಪ್ಪು ಬಗ್ಗುತ್ತದೆ.

ಬೂಷ್ಟು ಹಿಡಿದದ್ದನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಎರಡು ವಾರ ಇಡಿ. ಒದ್ದೆ ಬೂಷ್ಟನ್ನು ಒರೆಸಿದರೆ ಮೆತ್ತಿಕೊಳ್ಳುತ್ತದೆ, ಒಣಗಿದ್ದು ಉದುರುತ್ತದೆ. ಆಮೇಲೆ ಜಗಲಿಯಲ್ಲಿ, ಮೂಗಿಗೆ ಮಾಸ್ಕ್ ಹಾಕಿಕೊಂಡು, ಯಾವುದೋ ಹಾಳು ಪ್ಲೇಯರಿನಲ್ಲಿ ನಿಧಾನವಾಗಿ ಸುತ್ತುತ್ತಾ ನಯವಾದ ಬಟ್ಟೆಯ ಮಡಿಕೆಯ ನಡುವಿನಿಂದ ಟೇಪನ್ನು ದಾಟಿಸಿ. ಟೇಪಿಗೆ ಆಲ್ಕೋಹಾಲ್ ಹಚ್ಚಬೇಡಿ.

ಕಿರ್ರ್ ಅಂತ ಕಿರುಚುವ ಕ್ಯಾಸೆಟ್ ಬೇರೆ ಜಾತಿ. ಟೇಪಿನ ಜಾರಿಕೆ ಹೋಗಿದೆ, ಅಥವಾ ರೀಲು ಬಿಗಿಯಾಗಿ ಗಂಟುಕಟ್ಟಿದೆ. ಎರಡೂ ಕೊನೆಗೆ ಒಮ್ಮೆ ಪೂರ್ತಿ ಓಡಿಸಿ ತನ್ನಿ. ಆಗಲಿಲ್ಲವಾದರೆ ಹೊಸ ಚಿಪ್ಪಿಗೆ, ಒಳಗಿನ ಜಾರುಹಾಳೆ ಸಮೇತ ಬದಲಾಯಿಸಿ. ಟೇಪನ್ನು ಓವನ್ನಿನಲ್ಲಿ ಬಿಸಿ ಮಾಡಿದರೆ ಸರಿಯಾಗುತ್ತದೆ ಅಂತ ಎಲ್ಲೋ ಓದಿ ಕೇಳುವವರಿದ್ದಾರೆ. ಆ ಮದ್ದು ಸ್ಟುಡಿಯೋದ ಕೆಲವು ದೊಡ್ಡ ರೀಲುಗಳ ಅಂಟುರೋಗಕ್ಕೆ, ಅದೂ ಸುಮಾರು 54 ಡಿಗ್ರಿಯಲ್ಲಿ, ಗಂಟೆಗಟ್ಟಲೆ. ಮನೆಯ ಕ್ಯಾಸೆಟ್ಟಿಗೆ ಆ ರೋಗ ಅಪರೂಪ. ಓವನ್ನಿಗೆ ಇಟ್ಟರೆ ಚಿಪ್ಪು ಹಪ್ಪಳವಾಗುತ್ತದೆ ಅಷ್ಟೆ.

ಚೆಂಡೆ ಹೊಡೆದಾಗ ಸ್ವರ ಮಾಯ

ಚೆಂಡೆಯವರ ಕಾಲಿನ ಹತ್ತಿರ ಟೂ-ಇನ್-ಒನ್ ಇಟ್ಟರೆ ಆಗುವುದು ಇದೇ. ಆ ಮೆಷಿನುಗಳಲ್ಲಿ ಸ್ವರವನ್ನು ತಾನಾಗಿಯೇ ಏರಿಸಿ ಇಳಿಸುವ ಸರ್ಕ್ಯೂಟ್ ಇರುತ್ತದೆ. ಚೆಂಡೆಗೆ ಒಂದು ಪೆಟ್ಟು ಬಿದ್ದ ಕೂಡಲೇ ಅದು ಬೆಚ್ಚಿ ಎಲ್ಲವನ್ನೂ ತಗ್ಗಿಸುತ್ತದೆ, ಭಾಗವತರೂ ಜೊತೆಗೆ ಮುಳುಗುತ್ತಾರೆ. ಚೆಂಡೆ ನಿಂತ ಮೇಲೆ ನಿಧಾನಕ್ಕೆ ಏರಿಸುತ್ತಾ ಹೋಗಿ, ಕೊನೆಗೆ ಹಿಂದಿನ ಸಾಲಿನವನ ಆಕಳಿಕೆಯನ್ನೂ ದೊಡ್ಡದಾಗಿ ಕೇಳಿಸುತ್ತದೆ. ಇದನ್ನು ಪೂರ್ತಿ ಸರಿ ಮಾಡುವ ಸಾಫ್ಟ್‌ವೇರ್ ನಾನು ಕಂಡಿಲ್ಲ. ಮುಖ್ಯವಾದ ಪದಗಳಿದ್ದಲ್ಲಿ ಮಾತ್ರ ಆಡಾಸಿಟಿಯ ಎನ್ವಲಪ್ ಟೂಲ್ ಹಿಡಿದು ಕೈಯಿಂದಲೇ ಏರಿಸುತ್ತೇನೆ.

ನಾಯ್ಸ್ ತೆಗೆಯುವಾಗ ಮೋಸ ಮಾಡುವುದೂ ಇದೇ ಸರ್ಕ್ಯೂಟ್. ಎಲ್ಲರೂ ಮಾತಿಲ್ಲದ ತುಂಡನ್ನು ಮಾದರಿಯಾಗಿ ಕೊಡುತ್ತಾರೆ. ಆದರೆ ಮಾತಿಲ್ಲದಲ್ಲೇ ಆ ಮೆಷಿನು ಸದ್ದನ್ನು ಏರಿಸಿ ಇಟ್ಟಿದೆ. ಮಾತಿನ ಅಡಿಯಲ್ಲಿ ಅಷ್ಟು ಸದ್ದು ಇರುವುದೇ ಇಲ್ಲ. ಆ ಮಾದರಿ ನಂಬಿ ತೆಗೆದರೆ ಮಾತೂ ಕೊಚ್ಚಿಹೋಗಿ, ಅರ್ಥಧಾರಿ ಬಾವಿಯೊಳಗಿನಿಂದ ಗುಳುಗುಳು ಅಂದ ಹಾಗಾಗುತ್ತದೆ. ನಾನು 6 ಡೆಸಿಬೆಲ್ ದಾಟುವುದಿಲ್ಲ. ಎಷ್ಟೋ ಸಲ ಮುಟ್ಟುವುದೇ ಇಲ್ಲ. ಮಗು ಅಳುವುದು, ಯಾರೋ ಬೀಡಿಗೆ ಬೆಂಕಿ ಕೇಳುವುದು, ಹಾಸ್ಯಗಾರನಿಗೆ ಇಡೀ ಗದ್ದೆ ನಗುವುದು, ಇವನ್ನೆಲ್ಲ ಅಳಿಸಿದರೆ ಅದು ಆಟವೇ ಅಲ್ಲ.

ಕಂಪ್ಯೂಟರಿಗೆ ಇಳಿಸುವಾಗ

ಡೆಕ್ಕಿನ ಲೈನ್ ಔಟ್‌ನಿಂದ ಸ್ವರವನ್ನು ಕಂಪ್ಯೂಟರಿಗೆ ಕೊಡುವ ಆಡಿಯೊ ಇಂಟರ್‌ಫೇಸಿನ ಲೈನ್ ಇನ್‌ಗೆ ಕೊಡಿ. ಲ್ಯಾಪ್‌ಟಾಪಿನ ಮೈಕ್ ತೂತಿಗೆ ಚುಚ್ಚಿದರೆ ಸ್ವರ ಒಡೆಯುತ್ತದೆ, ಸ್ಟೀರಿಯೊ ಕೂಡ ಬರುವುದಿಲ್ಲ. 24 ಬಿಟ್, 48 ಕಿಲೊಹರ್ಟ್ಸ್ ಸಾಕು. ಚೆಂಡೆಯ ಅತಿ ಜೋರಿನ ಪೆಟ್ಟು ಮೈನಸ್ 6 ಡೆಸಿಬೆಲ್ ದಾಟದಿರಲಿ. ಟೇಪಿನ ಸುಯ್ ಸದ್ದು ತಗ್ಗಿಸುವ ಡಾಲ್ಬಿ ಬಟನ್ ಆಫ್ ಇರಲಿ. ಟೂ-ಇನ್-ಒನ್‌ಗಳಲ್ಲಿ ಅದು ಇರುತ್ತಿದ್ದದ್ದೇ ಅಪರೂಪ, ಆನ್ ಮಾಡಿದರೆ ಸುಮ್ನೆ ಮಂದವಾಗುತ್ತದೆ. ಟೇಪಿನ ಬಗೆ ಟೈಪ್ 1 (ಸಾಮಾನ್ಯ ಟೇಪು) ಅಂತ ಇಡಿ.

ಮೊನೊದಲ್ಲಿ ರೆಕಾರ್ಡ್ ಆದದ್ದನ್ನೂ ಸ್ಟೀರಿಯೊದಲ್ಲೇ ಇಳಿಸಿ. ಟೇಪಿನ ಒಂದು ಅಂಚು ಸವೆದಿದ್ದರೆ ಇನ್ನೊಂದು ಚಾನೆಲ್ ಚೆನ್ನಾಗಿರುತ್ತದೆ, ಅದನ್ನು ಮಾತ್ರ ಬಳಸಬಹುದು. 90 ನಿಮಿಷದ ಒಂದು ಕ್ಯಾಸೆಟ್ಟಿಗೆ ಸುಮಾರು 1.5 ಜಿಬಿ ಬೇಕು. ಫ್ಲ್ಯಾಕ್ ಎಂಬ ಬಗೆಯ ಫೈಲ್ ಮಾಡಿದರೆ ಅದರ ಅರ್ಧದಷ್ಟಕ್ಕೆ ಇಳಿಯುತ್ತದೆ, ಗುಣ ಹೋಗುವುದಿಲ್ಲ. ಎಂಪಿ3 ವಾಟ್ಸಾಪಿನಲ್ಲಿ ಹಂಚಲಿಕ್ಕೆ ಮಾತ್ರ. ಏನೂ ಮುಟ್ಟದ ಮೂಲ ಫೈಲನ್ನು ಬೇರೆ ಇಡಿ, ವೇಗ ಸರಿ ಮಾಡಿದ್ದನ್ನು ಬೇರೆ ಇಡಿ. ಲೇಬಲ್ಲಿನ ಫೋಟೊ ತೆಗೆಯಲು ಮರೆಯಬೇಡಿ.

ಮಾವನ 23ರಲ್ಲಿ 21 ಆದವು. ಉಳಿದ ಎರಡರ ರೀಲು ಪದರಪದರ ಅಂಟಿಕೊಂಡು ಬಿಡಿಸಿದಲ್ಲೆಲ್ಲ ಕಂದು ಪುಡಿ ಉದುರುತ್ತಿದೆ. ಅವನ್ನು ಸಿಲಿಕಾ ಜೆಲ್ ಡಬ್ಬಿಯಲ್ಲಿ ಹಾಗೇ ಇಟ್ಟಿದ್ದೇನೆ, ಬಲವಂತ ಮಾಡಲಿಲ್ಲ. ಮಾವ ವಾರಕ್ಕೊಮ್ಮೆ ಫೋನ್ ಮಾಡುತ್ತಾರೆ. ಆ ಎರಡರಲ್ಲಿ ಒಂದು ವಾಲಿಯ ಎರಡನೇ ಕ್ಯಾಸೆಟ್. ಮೊದಲನೆಯದು ಮುಗಿಯುವುದು ವಾಲಿ ರಾಮನನ್ನು ಪ್ರಶ್ನೆ ಕೇಳಿದಲ್ಲಿ. ಆಮೇಲೆ ಟಕ್ ಅಂತ ಬಟನ್ ಮೇಲೆದ್ದ ಸದ್ದು, ಅಷ್ಟೆ.